‘ಹೋಗಿಬಿಟ್ಟರು’ ಅಂದಾಗ ಹೋದದ್ದು ಯಾರು?

(ಮೂರು ದಿನದ ಅಂತರ್ಮುಖ ಶಿಬಿರಕ್ಕೆ ಹೊರಡುವವರಿಗಾಗಿ ಬೆಂಗಳೂರಿನ ಬಸವನಗುಡಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಶುಕ್ರವಾರ ಸಂಜೆ ಶಿಬಿರಕ್ಕೆ ಹೊರಡುವ ಮೊದಲು ನಮ್ಮ ದಿನಬಳಕೆಯ ಮಾತನ್ನೇ ಸ್ವಲ್ಪ ಕಿವಿಗೊಟ್ಟು ಕೇಳೋಣ. ಬೀದಿಯಲ್ಲಿ ಹಿರಿಯರೊಬ್ಬರು ತೀರಿಕೊಂಡರೆ ಫೋನಿನಲ್ಲಿ ಏನು ಹೇಳುತ್ತೇವೆ? ‘ರಾಯರು ಹೋಗಿಬಿಟ್ಟರಂತೆ.’ ಅದರ ಬೆನ್ನಿಗೇ ಇನ್ನೊಂದು ಮಾತು: ‘ಬಾಡಿ ಎಷ್ಟು ಹೊತ್ತಿಗೆ ತರ್ತಾರಂತೆ?’ ಬೆಳಗ್ಗೆ ಹೆಸರು, ಗೋತ್ರ, ಪೆನ್ಷನ್ನು, ಕಾಫಿಗೆ ಎಷ್ಟು ಸಕ್ಕರೆ ಅನ್ನುವ ಹಟ ಎಲ್ಲ ಇದ್ದವರು ಮಧ್ಯಾಹ್ನಕ್ಕೆ ‘ಬಾಡಿ’. ಇದು ಅಗೌರವದ ಮಾತಲ್ಲ. ಕಣ್ಣೀರು ಒರೆಸಿಕೊಳ್ಳುತ್ತಲೇ ಹೀಗೆ ಕೇಳುತ್ತೇವೆ. ಹೋದವರು ಒಬ್ಬರು, ತರುವುದು ಇನ್ನೊಂದನ್ನು ಎಂದು ನಾಲಿಗೆಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಹೋದವರು ಯಾರು, ನಿಜವಾಗಿ ಹೋದರೇ ಎಂದು ಮಾತ್ರ ನಾವು ಮುಂದುವರಿದು ಕೇಳುವುದಿಲ್ಲ. ಕಠೋಪನಿಷತ್ತಿನಲ್ಲಿ ನಚಿಕೇತ ಮೂರನೆಯ ವರವಾಗಿ ಯಮನನ್ನು ಕೇಳಿದ್ದು ಇದನ್ನೇ. ಸತ್ತವನ ವಿಷಯದಲ್ಲಿ ಇದ್ದಾನೆ ಅನ್ನುವವರಿದ್ದಾರೆ, ಇಲ್ಲ ಅನ್ನುವವರಿದ್ದಾರೆ, ಯಾವುದು ನಿಜ ಹೇಳು ಎಂದ.

ಹಿರಿಯರು ಮೂರು ವೈರಾಗ್ಯ ಹೇಳುತ್ತಿದ್ದರು: ಪುರಾಣ ವೈರಾಗ್ಯ, ಪ್ರಸೂತಿ ವೈರಾಗ್ಯ, ಶ್ಮಶಾನ ವೈರಾಗ್ಯ. ಮೂರೂ ನಿಜವಾದವು, ಮೂರೂ ನಿಲ್ಲದಂಥವು. ವಿಲ್ಸನ್ ಗಾರ್ಡನ್ನಿನಲ್ಲೋ ಬನಶಂಕರಿಯಲ್ಲೋ ವಿದ್ಯುತ್ ಚಿತಾಗಾರದ ಬಾಗಿಲು ಮುಚ್ಚಿದಾಗ, ಇನ್ನು ಯಾತಕ್ಕೆ ಈ ಜಗಳ, ಯಾತಕ್ಕೆ ಈ ಸೈಟು ಅನಿಸುತ್ತದೆ. ಮನೆಗೆ ಬಂದು ತಲೆಗೆ ಸ್ನಾನ ಮಾಡಿ, ಊಟಕ್ಕೆ ಕೂತು, ಎರಡು ಫೋನು ಬರುವಷ್ಟರಲ್ಲಿ ಅದು ಹೋಗಿರುತ್ತದೆ. ನಮ್ಮ ಮನಸ್ಸು ಕೆಟ್ಟದ್ದು ಎಂದು ಬೈದುಕೊಳ್ಳಬೇಕಾಗಿಲ್ಲ. ಅಲ್ಲಿ ಭಾವ ಬಂದಿತ್ತು, ವಿಚಾರ ನಡೆದಿರಲಿಲ್ಲ. ಭಾವ ಎಷ್ಟೇ ತೀವ್ರವಾಗಿದ್ದರೂ ತಾನಾಗಿ ಇಳಿಯುತ್ತದೆ.

ಗೀತೆಯ ಹದಿಮೂರನೆಯ ಅಧ್ಯಾಯದಲ್ಲಿ ಜ್ಞಾನದ ಸಾಧನಗಳನ್ನು ಎಣಿಸುವಾಗ ಅಮಾನಿತ್ವ, ಅಹಿಂಸೆಗಳ ಸಾಲಿನಲ್ಲೇ ಹುಟ್ಟು, ಸಾವು, ಮುಪ್ಪು, ರೋಗಗಳಲ್ಲಿ ದುಃಖವನ್ನೂ ದೋಷವನ್ನೂ ಕಾಣುವುದು ಸೇರಿದೆ. ಅಲ್ಲಿ ಬಳಸಿದ ಪದ ದರ್ಶನವಲ್ಲ, ಅನುದರ್ಶನ: ಮತ್ತೆ ಮತ್ತೆ ನೋಡುವುದು. ಒಂದು ಸಲ ಬೆಚ್ಚಿಬಿದ್ದರೆ ಅದು ಅನುದರ್ಶನವಾಗುವುದಿಲ್ಲ. ಅಳತೆ ಮಾಡಿ, ಹೊತ್ತು ಗೊತ್ತು ಮಾಡಿಕೊಂಡು, ಹೆದರದೆ ನೋಡಬೇಕು. ಪ್ರತಿ ಸಲವೂ ನೋಟ ಸಾವಿನ ಹತ್ತಿರ ನಿಲ್ಲದೆ ನೋಡುವವನ ಕಡೆ ತಿರುಗಬೇಕು. ಸಾವನ್ನಷ್ಟೇ ನೆನೆದರೆ ಭಯ ಬೆಳೆಯುತ್ತದೆ. ‘ನಾನು ಯಾರು’ ಎಂದಷ್ಟೇ ಹೇಳುತ್ತಿದ್ದರೆ ಅದು ಬಾಯಿಮಾತಾಗುತ್ತದೆ. ಎರಡೂ ಒಂದೇ ದಿನ, ಒಂದರ ಹಿಂದೆ ಒಂದು ಬರಬೇಕು. ಮೂರು ದಿನದ ಏರ್ಪಾಡೆಲ್ಲ ಇದಕ್ಕಾಗಿ.

ಈ ಸಲ ಯಾರು ಬರಬಾರದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಈಚೆಗೆ ಸಾವಾಗಿದ್ದರೆ ಕಡೇ ಪಕ್ಷ ಮೂರು ತಿಂಗಳು ತಡೆಯಿರಿ. ಹಸಿ ಗಾಯವನ್ನು ಒತ್ತಿ ನೋಡಬಾರದು. ಅವರಿಗೆ ಭಜನೆ, ಪಾರಾಯಣ, ನೆಂಟರ ನಡುವೆ ಕೂತು ಮಾತಾಡುವುದೇ ಸಾಧನೆ. ಖಿನ್ನತೆಗೆ ಔಷಧಿ ತೆಗೆದುಕೊಳ್ಳುತ್ತಿರುವವರು ಡಾಕ್ಟರನ್ನು ಕೇಳಿ ಬನ್ನಿ. ಶಿಬಿರದ ನೆಪದಲ್ಲಿ ಒಂದು ಮಾತ್ರೆಯನ್ನೂ ಬಿಡಬೇಡಿ. ಬದುಕು ಸಾಕು ಅನ್ನುವ ಯೋಚನೆ ಸುಳಿಯುತ್ತಿರುವವರಿಗೆ ಮರಣಚಿಂತನೆಯ ಶಿಬಿರ ಖಂಡಿತ ಬೇಡ. ಅದಕ್ಕೆ ನಮ್ಮೂರಿನಲ್ಲೇ ನಿಮ್ಹಾನ್ಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ವೈರಾಗ್ಯಕ್ಕೂ ಬೇಸರಕ್ಕೂ ಬಹಳ ಅಂತರ. ವೈರಾಗ್ಯ ಬಂದವರಿಗೆ ಬೆಳಗ್ಗೆ ಎದ್ದು ಕೆಲಸ ಮಾಡಲು ಮನಸ್ಸಿರುತ್ತದೆ, ಫಲದ ಮೇಲಿನ ಅಂಟು ಸಡಿಲವಾಗಿರುತ್ತದೆ. ಖಿನ್ನತೆಯಲ್ಲಿ ಏಳುವುದಕ್ಕೇ ಆಗುವುದಿಲ್ಲ. ಶಿಬಿರ ನಡೆಸುವವರು ಇದನ್ನು ಗುರುತಿಸಲು ಕಲಿತಿರಲೇಬೇಕು.

ಸಿದ್ಧತೆಯ ಬಗ್ಗೆ ಎರಡು ಮಾತು. ಮೊದಲನೆಯದು ಕಾಫಿ. ದಿನಕ್ಕೆ ಮೂರು ನಾಲ್ಕು ಲೋಟ ಕುಡಿಯುವವರು ಶುಕ್ರವಾರ ಒಮ್ಮೆಗೇ ಬಿಟ್ಟರೆ 12ರಿಂದ 24 ಗಂಟೆಯೊಳಗೆ ತಲೆನೋವು ಹಿಡಿಯುತ್ತದೆ, ಎರಡನೆಯ ದಿನ ಜೋರಾಗುತ್ತದೆ. ಶನಿವಾರದ ಮುಖ್ಯ ಚಿಂತನೆ ಆ ನೋವಿನಲ್ಲೇ ಮುಳುಗಿಹೋಗುತ್ತದೆ. ಈ ವಾರವೇ ದಿನಕ್ಕೆ ಅರ್ಧರ್ಧ ಲೋಟ ಇಳಿಸಿ, ಬೆಳಗಿನ ಒಂದು ಲೋಟ ಮಾತ್ರ ಉಳಿಸಿಕೊಂಡು ಬನ್ನಿ.

ಎರಡನೆಯದು ಕಾಗದಪತ್ರ. ಅಧ್ಯಾತ್ಮ ಶಿಬಿರಕ್ಕೆ ಉಯಿಲಿನ ಮಾತು ಯಾಕೆ ಎಂದು ಕೇಳಬಹುದು. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಮೈತ್ರೇಯೀ ಬ್ರಾಹ್ಮಣ ಎಂಬ ಭಾಗ ಶುರುವಾಗುವುದೇ ಆಸ್ತಿ ಪಾಲಿನಿಂದ. ಮನೆ ಬಿಟ್ಟು ಹೊರಡುವ ಮುಂಚೆ ಯಾಜ್ಞವಲ್ಕ್ಯ ಋಷಿ ತನ್ನ ಇಬ್ಬರು ಹೆಂಡತಿಯರಲ್ಲಿ ಒಬ್ಬಳಾದ ಮೈತ್ರೇಯಿಗೆ, ನಿನಗೂ ಕಾತ್ಯಾಯನಿಗೂ ಪಾಲು ಮಾಡಿಬಿಡುತ್ತೇನೆ ಅನ್ನುತ್ತಾನೆ. ಆಗ ಮೈತ್ರೇಯಿ, ಹಣ ತುಂಬಿದ ಈ ಇಡೀ ಭೂಮಿ ನನ್ನದಾದರೆ ನಾನು ಅಮೃತಳಾಗುತ್ತೇನೆಯೇ ಎಂದು ಕೇಳುತ್ತಾಳೆ. ಇಲ್ಲ, ಅನುಕೂಲಸ್ಥರ ಜೀವನದ ಹಾಗೆ ನಿನ್ನ ಜೀವನ ಇರುತ್ತದೆ, ಅಷ್ಟೇ ಅನ್ನುತ್ತಾನೆ ಅವನು. ಆತ್ಮವನ್ನು ಕೇಳಬೇಕು, ಮನನ ಮಾಡಬೇಕು, ನಿದಿಧ್ಯಾಸನ, ಅಂದರೆ ಬಿಡದೆ ಧ್ಯಾನ, ಮಾಡಬೇಕು ಎಂಬ ಪ್ರಸಿದ್ಧ ಉಪದೇಶ ಬರುವುದು ಆ ಪಾಲಿನ ಮಾತಿನ ಮುಂದುವರಿಕೆಯಾಗಿ. ಮನೆಯ ಲೆಕ್ಕ ಅರ್ಧಕ್ಕೆ ಬಿಟ್ಟು ಬಂದವರಿಗೆ ಕಣ್ಣು ಮುಚ್ಚಿದ ಕೂಡಲೇ ಆ ಲೆಕ್ಕವೇ ಕಾಣುತ್ತದೆ. ಹೀಗಾಗಿ ಶನಿವಾರ ಒಂದು ಗಂಟೆ ಇದಕ್ಕೆಂದೇ ಇಟ್ಟಿದೆ.

ಉಯಿಲು ಬಿಳಿ ಹಾಳೆಯ ಮೇಲೆ ನಿಮ್ಮ ಕೈಬರಹದಲ್ಲೇ ಇದ್ದರೆ ಸಾಕು, ಸ್ಟಾಂಪ್ ಪೇಪರ್ ಬೇಡ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಕಡೇ ಪಕ್ಷ ಇಬ್ಬರು ಸಾಕ್ಷಿಗಳು ಬೇಕು. ನೀವು ಸಹಿ ಹಾಕುವುದನ್ನು ಅವರು ನೋಡಿರಬೇಕು, ಅವರು ನಿಮ್ಮೆದುರಿಗೇ ಸಹಿ ಹಾಕಬೇಕು. ಆಸ್ತಿ ಪಡೆಯುವವರನ್ನೇ ಸಾಕ್ಷಿ ಮಾಡಿಕೊಳ್ಳದಿರುವುದು ಕ್ಷೇಮ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಮುಂದೆ ತಕರಾರು ಕಡಿಮೆ. ಬ್ಯಾಂಕಿನ ನಾಮಿನಿಯೇ ವಾರಸುದಾರ ಎಂದು ಬಹಳ ಮಂದಿ ತಿಳಿದಿದ್ದಾರೆ. ನಾಮಿನಿ ಹಣವನ್ನು ಕೈಗೆ ತೆಗೆದುಕೊಳ್ಳುವವರು, ಅದು ಸೇರಬೇಕಾದವರು ಬೇರೆಯವರೂ ಆಗಿರಬಹುದು. ಇದರ ಜೊತೆಗೆ, ಚೇತರಿಕೆಯೇ ಇಲ್ಲದ ಸ್ಥಿತಿಯಲ್ಲಿ ಯಂತ್ರದ ಮೇಲೆ ಇಡಬೇಕೇ ಬೇಡವೇ ಎಂದು ಮೊದಲೇ ಬರೆದಿಡಲು 2018ರಲ್ಲಿ ಸುಪ್ರೀಂ ಕೋರ್ಟ್ ಅವಕಾಶ ಕೊಟ್ಟಿತು. 2023ರಲ್ಲಿ ಕ್ರಮವನ್ನು ಸರಳ ಮಾಡಿತು. ಈಗ ಇಬ್ಬರು ಸಾಕ್ಷಿಗಳ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಇದ್ದರೆ ಸಾಕು. 2025ರ ಜನವರಿಯಲ್ಲಿ ಕರ್ನಾಟಕ ಆರೋಗ್ಯ ಇಲಾಖೆಯೂ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿದೆ. ಶಿಬಿರದಲ್ಲಿ ಕರಡು ಬರೆದುಕೊಳ್ಳಿ, ಸಹಿ ಮನೆಗೆ ಹೋದ ಮೇಲೆ, ಮನೆಯವರ ಜೊತೆ ಮಾತಾಡಿಯೇ ಹಾಕಿ. ‘ನನ್ನ ನಂತರ’ ಎಂದು ಶುರುಮಾಡಿ ಪೆನ್ನು ನಿಂತಾಗ ಆಗುವ ಕಸಿವಿಸಿಯನ್ನು ಸುಮ್ಮನೆ ಗಮನಿಸಿ. ಎಷ್ಟೋ ಹೊತ್ತು ಕಣ್ಣು ಮುಚ್ಚಿ ಕೂತರೂ ಆಗದ ಮರಣಸ್ಮರಣೆ ಆ ಎರಡು ಪದಗಳಲ್ಲಿ ಆಗುತ್ತದೆ.

ಇನ್ನು ದಿನಚರಿ. ಬೆಳಗ್ಗೆ 4.30ಕ್ಕೆ ಏಳುವುದು, 5.15ರಿಂದ ನಲವತ್ತು ನಿಮಿಷ ಧ್ಯಾನ. ಚಾಪೆಯ ಮೇಲೆ ಕಂಬಳಿ ಮಡಿಸಿ ಎರಡು ಮೂರು ಅಂಗುಲ ಎತ್ತರ ಮಾಡಿಕೊಂಡು ಅದರ ಅಂಚಿನಲ್ಲಿ ಕೂತರೆ ಮಂಡಿ ಸೊಂಟಕ್ಕಿಂತ ಕೆಳಗಿಳಿಯುತ್ತದೆ, ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಆಗದವರಿಗೆ ಕುರ್ಚಿ. ಅದರಲ್ಲಿ ಸಂಕೋಚ ಬೇಡ. ಅತಿ ಎತ್ತರವೂ ಅಲ್ಲದ, ಅತಿ ತಗ್ಗೂ ಅಲ್ಲದ ಸ್ಥಿರವಾದ ಆಸನ ಎಂದಷ್ಟೇ ಗೀತೆ ಹೇಳುತ್ತದೆ. ತಿಂಡಿಯ ನಂತರ ಒಂದೂಕಾಲು ಗಂಟೆ ಶ್ರವಣ, ಕಠೋಪನಿಷತ್ತಿನ ಮೊದಲ ಎರಡು ವಲ್ಲಿಗಳು, ಅಂದರೆ ಭಾಗಗಳು, ಮಾತ್ರ. ಆರು ವಲ್ಲಿಗಳನ್ನೂ ಮೂರು ದಿನದಲ್ಲಿ ಓಡಿಸುವ ಶಿಬಿರಗಳಿವೆ. ಅವುಗಳಿಂದ ಟಿಪ್ಪಣಿ ಪುಸ್ತಕ ತುಂಬುತ್ತದೆ, ಅಷ್ಟೇ. ಮಧ್ಯಾಹ್ನದ ಊಟದಲ್ಲಿ ಹೊಟ್ಟೆಯ ಅರ್ಧ ಅನ್ನಕ್ಕೆ, ಕಾಲು ನೀರಿಗೆ, ಕಾಲು ಗಾಳಿಗೆ ಎಂಬ ಹಳೆಯ ಲೆಕ್ಕ. ಸಕ್ಕರೆ ಕಾಯಿಲೆ ಇರುವವರು ಉಪವಾಸ ಮಾಡಕೂಡದು. 2.30ರಿಂದ 3.30 ಜೊಂಪಿನ ಹೊತ್ತು, ಆಗ ಯಾರನ್ನೂ ಕೂರಿಸುವುದಿಲ್ಲ, ನಿಧಾನ ನಡಿಗೆ. ಅದಾದ ಮೇಲೆ ಮುಖ ತೊಳೆದು ನೆಲಕ್ಕೆ ಮಲಗುವ ಅಭ್ಯಾಸ, ಸಂಜೆ ಭಜನೆ, ರಾತ್ರಿ ಗಂಜಿ, 9.30ಕ್ಕೆ ದೀಪ ಆರಿಸುವುದು.

ಮೌನ ಶುಕ್ರವಾರ ರಾತ್ರಿಯಿಂದ ಭಾನುವಾರ ಮಧ್ಯಾಹ್ನದವರೆಗೆ. ಮೌನ ಕೆಡುವುದು ಬಾಯಿಂದಲ್ಲ, ಕೈಸನ್ನೆಯಿಂದ, ಚೀಟಿಯಿಂದ, ಕಣ್ಣಿಗೆ ಕಣ್ಣು ಕೊಟ್ಟು ನಗುವುದರಿಂದ. ಹುಬ್ಬೇರಿಸಿ ‘ಸಾಂಬಾರ್ ಹೇಗಿದೆ’ ಅಂದರೂ ಮಾತಾಡಿದ ಹಾಗೇ. ದೃಷ್ಟಿ ನಾಲ್ಕು ಅಡಿ ಮುಂದಿನ ನೆಲದ ಮೇಲಿರಲಿ. ಫೋನು ಕವರಿನಲ್ಲಿ ಹಾಕಿ ಹೆಸರು ಬರೆದು ಕೊಡಿ. ಮನೆಯವರಿಗೆ ವ್ಯವಸ್ಥಾಪಕರ ಒಂದು ನಂಬರ್ ಕೊಟ್ಟಿರಿ.

ಮುಖ್ಯ ಅಭ್ಯಾಸಕ್ಕೆ ಬರೋಣ. 1896ರ ಜುಲೈನಲ್ಲಿ ಮಧುರೆಯ ಮನೆಯೊಂದರಲ್ಲಿ ಹದಿನಾರರ ಹುಡುಗ ವೆಂಕಟರಾಮನ್‌ಗೆ ಇದ್ದಕ್ಕಿದ್ದಂತೆ ಸಾವಿನ ಭಯ ಹಿಡಿಯಿತು. ಆತ ಯಾರನ್ನೂ ಕೂಗಲಿಲ್ಲ. ಹೆಣದ ಹಾಗೆ ಕೈಕಾಲು ಚಾಚಿ ಸೆಟೆದು ಮಲಗಿ, ತುಟಿ ಬಿಗಿದು, ಈ ದೇಹ ಸತ್ತಿತು, ನಾನು ಸತ್ತೆನೇ ಎಂದು ತನ್ನೊಳಗೇ ನೋಡಿಕೊಂಡ. ಅದೇ ವರ್ಷ ಸೆಪ್ಟೆಂಬರ್ 1ರಂದು ತಿರುವಣ್ಣಾಮಲೈ ಸೇರಿ, ಮುಂದೆ ರಮಣ ಮಹರ್ಷಿ ಎಂದು ಹೆಸರಾದವರು ಅವರೇ. ಮಲಗಿದ್ದು ಆ ವಿಚಾರದ ಹೊರ ಆಕಾರ ಮಾತ್ರ. ಅವರು ಬಂದವರಿಗೆಲ್ಲ ಕೊಟ್ಟದ್ದು ‘ನಾನು ಯಾರು’ ಎಂಬ ವಿಚಾರವನ್ನು. ಶಿಬಿರದಲ್ಲಿ ನಾವು ಮಲಗುವುದು ದೇಹ ಅಲುಗದೆ ಇರಲಿ ಎಂದು. ಹಠಯೋಗ ಪ್ರದೀಪಿಕೆಯೂ ಶವಾಸನವನ್ನು ಹೇಳುವುದು ಆಯಾಸ ಕಳೆದು ಚಿತ್ತ ವಿಶ್ರಾಂತಿಗೊಳ್ಳಲಿ ಎಂದೇ.

ಜಮಖಾನದ ಮೇಲೆ ಅಂಗಾತ ಮಲಗಿ. ತಲೆಯ ಕೆಳಗೆ ಮಡಿಸಿದ ಟವೆಲ್, ಮೈಮೇಲೆ ತೆಳು ಹೊದಿಕೆ. ಅಲುಗದೆ ಮಲಗಿದರೆ ಹತ್ತು ನಿಮಿಷಕ್ಕೆ ಮೈ ತಣ್ಣಗಾಗುತ್ತದೆ. ಆ ಚಳಿಯನ್ನೇ ಅನುಭವ ಎಂದು ತಪ್ಪಾಗಿ ತಿಳಿಯುವುದು ಬೇಡ. ಮೊದಲ ಐದು ನಿಮಿಷ ಉಸಿರನ್ನು ಎಣಿಸಿ. ನಿಮಿಷಕ್ಕೆ 15ರಂತೆ ದಿನಕ್ಕೆ 21,600 ಉಸಿರು ಎಂಬುದು ಹಿಂದಿನವರ ಲೆಕ್ಕ. ಇಂದಿನ ಪಾಲಿನಲ್ಲಿ ಒಂದು ಈಗ ಖರ್ಚಾಯಿತು ಎಂದು ಗಮನಿಸಿ, ಸಾಕು. ಉಸಿರು ಬಿಗಿ ಹಿಡಿಯಬೇಡಿ. ಸತ್ತಂತೆ ಇರಬೇಕೆಂದು ಉಸಿರು ಕಟ್ಟುವವರಿಗೆ ಎದೆ ಹೊಡೆದುಕೊಂಡು ಭಯವಾಗುತ್ತದೆ. ಆ ಭಯ ಸಾವಿನದಲ್ಲ, ಗಾಳಿ ಸಾಲದ್ದರದ್ದು.

ನಂತರ ಒಂದೊಂದನ್ನೇ ಆಚೆ ಇಡುವುದು. ಮೊದಲು ವಸ್ತುಗಳು: ಮನೆಯ ಕೀಲಿ, ಗಾಡಿ, ಹಾಕಿಕೊಂಡ ಬಟ್ಟೆ. ಆಮೇಲೆ ಹುದ್ದೆ. ಆಮೇಲೆ ಸಂಬಂಧಗಳು. ಇಲ್ಲಿ ಮಕ್ಕಳ ಮುಖ ಬಂದಾಗ ಅಳು ಬರುತ್ತದೆ, ಬರಲಿ, ಒರೆಸಿಕೊಳ್ಳಲು ಕೈ ಎತ್ತಬೇಡಿ. ಆಮೇಲೆ ದೇಹ, ಪಾದದಿಂದ ಮೇಲಕ್ಕೆ, ಇದು ಭಾರವಾಯಿತು, ಇನ್ನು ಇದನ್ನು ಯಾರೋ ಎತ್ತಬೇಕು ಎಂದು. ಕಡೆಗೆ ನೆನಪು, ಹೆಸರು. ಪ್ರತಿ ಮೆಟ್ಟಿಲಿಗೆ ಎರಡು ನಿಮಿಷಕ್ಕಿಂತ ಹೆಚ್ಚು ಬೇಡ. ಎಲ್ಲ ಆಚೆ ಇಟ್ಟ ಮೇಲೆ ಒಂದೇ ಪ್ರಶ್ನೆ: ಇವೆಲ್ಲ ಹೋದವು ಎಂಬುದು ಯಾರಿಗೆ ಗೊತ್ತಾಗುತ್ತಿದೆ? ಉತ್ತರ ಪದದಲ್ಲಿ ಬಂದರೆ, ಆ ಪದ ಯಾರಿಗೆ ಬಂತು ಎಂದು ಕೇಳಿ. ಐದು ನಿಮಿಷ ಅಲ್ಲೇ ಇರಿ. ಎಲ್ಲ ಸೇರಿ ಇಪ್ಪತ್ತು ನಿಮಿಷ, ಹೆಚ್ಚೆಂದರೆ ಇಪ್ಪತ್ತೈದು. ಏಳುವಾಗ ಬಲಮಗ್ಗುಲಿಗೆ ಹೊರಳಿ ಎರಡು ನಿಮಿಷ ಇದ್ದು, ಕೈಯೂರಿ ಕೂರಬೇಕು. ಧಡಕ್ಕನೆ ಎದ್ದರೆ ತಲೆ ಸುತ್ತುತ್ತದೆ. ದಿನಕ್ಕೆ ಒಂದೇ ಸಲ, ಹಗಲು ಬೆಳಕಿನಲ್ಲಿ ಮಾತ್ರ. ರಾತ್ರಿ ಮಾಡಿದರೆ ಹಲವರಿಗೆ ನಿದ್ದೆ ಕೆಡುತ್ತದೆ, ಮರುದಿನ ಪೂರ್ತಿ ಹಾಳು.

ನಡೆಸುವವರಿಗೆ ಒಂದು ಮಾತು. ಹದಿನೈದು ಜನಕ್ಕಿಂತ ಹೆಚ್ಚಾದರೆ ಒಬ್ಬರ ಕಣ್ಣಿಗೆ ಎಲ್ಲರ ಉಸಿರೂ ಕಾಣುವುದಿಲ್ಲ, ಇನ್ನೊಬ್ಬರನ್ನು ಇಟ್ಟುಕೊಳ್ಳಿ. ಗೊರಕೆ ಹೊಡೆಯುವವರ ಭುಜವನ್ನು ಮೆಲ್ಲಗೆ ಮುಟ್ಟಿದರೆ ಸಾಕು. ಯಾರಿಗಾದರೂ ಗಾಬರಿಯಾದರೆ ‘ಇನ್ನೂ ಒಳಗೆ ಹೋಗಿ’ ಎಂದು ಎಂದೂ ಹೇಳಬೇಡಿ. ಕಣ್ಣು ತೆರೆಸಿ, ಕೂರಿಸಿ, ಎರಡೂ ಅಂಗೈಯನ್ನು ತಣ್ಣನೆಯ ನೆಲಕ್ಕೆ ಊರಿಸಿ, ಎದುರಿಗೆ ಕಾಣುವ ಐದು ವಸ್ತುಗಳ ಹೆಸರು ಹೇಳಿಸಿ, ನೀರು ಕೊಡಿ. ಅವರಿಗೆ ಆ ದಿನದ ಅಭ್ಯಾಸ ಅಲ್ಲಿಗೆ ಮುಗಿಯಿತು.

ಭಾನುವಾರ ಬೆಳಗ್ಗೆ ಮಲಗುವುದಿಲ್ಲ, ಕೂತು ವಿಚಾರ. ತೈತ್ತಿರೀಯ ಉಪನಿಷತ್ತಿನ ಐದು ಕೋಶಗಳು, ಅಂದರೆ ನಾವು ‘ನಾನು’ ಎಂದುಕೊಳ್ಳುವ ಐದು ಪದರಗಳು: ಅನ್ನಮಯ (ಈ ದೇಹ), ಪ್ರಾಣಮಯ, ಮನೋಮಯ, ವಿಜ್ಞಾನಮಯ, ಆನಂದಮಯ. ಪಟ್ಟಿ ಬಾಯಿಪಾಠ ಮಾಡಿದರೆ ಸಾಲದು. ಒಂದು ಉಗುರು ಕತ್ತರಿಸಿ ಅಂಗೈಯಲ್ಲಿ ಇಟ್ಟುಕೊಳ್ಳಿ. ಅರ್ಧಚಂದ್ರದ ಹಾಗಿರುವ ಆ ಚೂರು ಒಂದು ನಿಮಿಷದ ಹಿಂದೆ ‘ನಾನು’. ಯಾರಾದರೂ ಅದನ್ನು ಎಳೆದಿದ್ದರೆ ‘ನನ್ನನ್ನು ಯಾಕೆ ಎಳೀತೀಯ’ ಅನ್ನುತ್ತಿದ್ದಿರಿ. ಈಗ ಗುಡಿಸಬೇಕಾದ ಕಸ. ಉಗುರು ಬದಲಾಗಲಿಲ್ಲ, ‘ನಾನು’ ಅದರಿಂದ ಹಿಂದೆ ಸರಿಯಿತು. ಹಿಂದೆ ಸರಿಯಲು ಬರುತ್ತದೆ ಅಂದಮೇಲೆ ‘ನಾನು’ ಅದಕ್ಕೆ ಹುಟ್ಟಿನಿಂದ ಅಂಟಿದ್ದಲ್ಲ. ಅನ್ನಮಯ ಕೋಶದ ಪಾಠ ಪೂರ್ತಿ ಇದರಲ್ಲಿದೆ.

ಉಳಿದವುಗಳಿಗೆ ಕನ್ನಡದ ವ್ಯಾಕರಣವೇ ನೆರವಾಗುತ್ತದೆ. ‘ನನಗೆ ಹಸಿವಾಗಿದೆ, ನನಗೆ ಕೋಪ ಬಂತು, ನನಗೆ ಅರ್ಥವಾಯಿತು, ನನಗೆ ನಿದ್ದೆ ಬಂತು, ನನಗೆ ವಯಸ್ಸಾಯಿತು.’ ಎಲ್ಲ ಕಡೆ ಚತುರ್ಥಿ ವಿಭಕ್ತಿ. ಹಸಿವು ಪ್ರಾಣದ್ದು, ಕೋಪ ಮನಸ್ಸಿನದು, ಅರ್ಥವಾಗುವುದು ಬುದ್ಧಿಯದು. ಬರುವುದೂ ಆಗುವುದೂ ಅವು, ‘ನಾನು’ ಅವು ಬಂದು ಸೇರುವ ಕಡೆ. ಭಾನುವಾರ ಒಂದು ಗಂಟೆ, ಮನಸ್ಸಿನಲ್ಲಿ ಏಳುವ ಪ್ರತಿಯೊಂದನ್ನೂ ಹೀಗೆ ‘ನನಗೆ’ ಹಾಕಿ ಹೇಳಿಕೊಳ್ಳಿ: ನನಗೆ ಬೇಸರವಾಗುತ್ತಿದೆ, ನನಗೆ ಮನೆಯ ನೆನಪಾಗುತ್ತಿದೆ. ಆಮೇಲೆ ‘ಬೇಸರ’ವನ್ನು ಬಿಟ್ಟು ‘ನನಗೆ’ ಎಂಬುದರ ಕಡೆ ತಿರುಗಿ.

ಎಡವುವುದು ಎಲ್ಲಿ? ಗೌಡಪಾದರು ಮಾಂಡೂಕ್ಯ ಕಾರಿಕೆಯ ಅದ್ವೈತ ಪ್ರಕರಣದಲ್ಲಿ ಬಹಳ ಖಚಿತವಾಗಿ ಹೇಳಿಟ್ಟಿದ್ದಾರೆ. ಮನಸ್ಸು ಲಯಕ್ಕೆ, ಅಂದರೆ ಜೊಂಪಿಗೆ, ಜಾರಿದರೆ ಎಬ್ಬಿಸಬೇಕು. ಚದುರಿದರೆ ಸಮಾಧಾನ ಮಾಡಬೇಕು. ಒಳಗಿನ ಹಳೆಯ ಅಂಟು ಅದನ್ನು ಮರಗಟ್ಟಿಸಿದ್ದರೆ ಅದು ಅಂಟು ಎಂದು ತಿಳಿಯಬೇಕು. ಸಮವಾದಾಗ ಅಲುಗಿಸಬಾರದು. ಜೊತೆಗೆ, ಅಲ್ಲಿ ಬರುವ ಸುಖವನ್ನು ಚಪ್ಪರಿಸುತ್ತ ಕೂರಬಾರದು. ಶಿಬಿರಗಳಲ್ಲಿ ಅತಿ ಹೆಚ್ಚು ಮೋಸ ಮಾಡುವುದು ಮೊದಲನೆಯದು ಮತ್ತು ಕೊನೆಯದು. ‘ಏನೂ ಇರಲಿಲ್ಲ, ಬಹಳ ಹಿತವಾಗಿತ್ತು’ ಅನ್ನುವವರನ್ನು ಕೇಳಿ: ಕತ್ತು ಮುಂದಕ್ಕೆ ಬಿದ್ದಿತ್ತೇ? ಗಂಟೆ ಹೊಡೆದಾಗ ಬೆಚ್ಚಿಬಿದ್ದಿರೇ? ಹೌದಾದರೆ ಅದು ನಿದ್ದೆ. ಇನ್ನೊಂದು ದೊಡ್ಡ ತಪ್ಪು, ‘ನಾನು ದೇಹವಲ್ಲ’ ಎಂಬುದನ್ನು ಘೋಷಣೆ ಮಾಡಿಕೊಳ್ಳುವುದು. ಎದೆನೋವು ಬಂದರೂ ಹೇಳದೆ ಕೂರುವುದು, ಮನೆಯಲ್ಲಿ ಅಳುವವರಿಗೆ ವೇದಾಂತ ಹೇಳುವುದು ಇದರ ಫಲ. ದೇಹ ನಾನಲ್ಲ ಎಂದಾಕ್ಷಣ ಅದನ್ನು ನೋಡಿಕೊಳ್ಳುವ ಹೊಣೆ ತಪ್ಪುವುದಿಲ್ಲ.

ಈ ಸಭೆಯಲ್ಲಿ ಮಾಧ್ವರಿದ್ದೀರಿ, ಶ್ರೀವೈಷ್ಣವರಿದ್ದೀರಿ, ಲಿಂಗಾಯತರಿದ್ದೀರಿ. ನಾನು ಹೇಳಿದ್ದು ಅದ್ವೈತದ ದಾರಿ. ಜೀವ ಹರಿಯ ಪ್ರತಿಬಿಂಬ ಎಂದು ನಂಬಿದವರು ‘ಯಾರಿಗೆ ಗೊತ್ತಾಗುತ್ತಿದೆ’ ಎಂಬಲ್ಲಿ ನಿಲ್ಲದೆ ‘ನಾನು ಯಾರವನು’ ಎಂದು ಕೇಳಿ ಬಿಂಬದ ಕಡೆ ತಿರುಗಲಿ. ‘ಮರಣವೇ ಮಹಾನವಮಿ’ ಎಂಬ ಮಾತು ಕೇಳಿ ಬೆಳೆದವರು ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟೇ ಈ ಅಭ್ಯಾಸ ಮಾಡಲಿ. ನಿಮ್ಮ ಮನೆಯ ದಾರಿಯನ್ನು ಇಲ್ಲಿ ಬಿಡಬೇಕಾಗಿಲ್ಲ, ಎರಡನ್ನೂ ಕಲಸಬೇಕಾಗಿಯೂ ಇಲ್ಲ.

ಮನೆಗೆ ಹೋದ ಮೇಲೆ ರಾತ್ರಿ ಮಲಗುವ ಮುಂಚೆ ಐದು ನಿಮಿಷ. ಈಶಾವಾಸ್ಯ ಉಪನಿಷತ್ತಿನಲ್ಲಿ, ದೇಹ ಬೂದಿಯಾಗುತ್ತದೆ ಎಂದ ಬೆನ್ನಿಗೇ ‘ಕೃತಂ ಸ್ಮರ’ ಎಂದಿದೆ, ಮಾಡಿದ್ದನ್ನು ನೆನೆ ಎಂದು. ಬೆಳಗಿನಿಂದ ಮಾಡಿದ್ದನ್ನು ಹಿಂದಿನಿಂದ ಮುಂದಕ್ಕೆ ನೆನೆಯಿರಿ, ತೀರ್ಪು ಬೇಡ. ನಾಳೆ ಸರಿಪಡಿಸಬೇಕಾದದ್ದು ಒಂದಿದ್ದರೆ ಚೀಟಿಯಲ್ಲಿ ಬರೆದಿಟ್ಟು ಮಲಗಿ. ನೆಲಕ್ಕೆ ಮಲಗುವ ಅಭ್ಯಾಸ ವಾರಕ್ಕೊಮ್ಮೆ ಸಾಕು.

ಕಡೆಯಲ್ಲಿ ಸಭೆಯಿಂದ ಎರಡು ಪ್ರಶ್ನೆಗಳು ಬಂದವು. ಮೊದಲನೆಯದು, ಶಿಬಿರದಿಂದ ಸಾವಿನ ಭಯ ಹೋಗುತ್ತದೆಯೇ ಎಂದು. ಮೂರು ದಿನದಲ್ಲಿ ಹೋಗುವುದಿಲ್ಲ, ಹೋಯಿತು ಅನ್ನುವವರನ್ನು ನಂಬಬೇಡಿ. ಭಯ ಬಂದಾಗ ‘ಯಾರಿಗೆ’ ಎಂದು ತಿರುಗಿ ನೋಡುವ ಅಭ್ಯಾಸ ಹತ್ತುತ್ತದೆ. ಮೂರು ದಿನಕ್ಕೆ ಅಷ್ಟು ಸಿಕ್ಕರೆ ಬಹಳ.

ಎರಡನೆಯದನ್ನು ಹಿರಿಯರೊಬ್ಬರು ಕೇಳಿದರು. ಎಂಬತ್ತೆರಡರ ಹೆಂಡತಿ ಹಾಸಿಗೆ ಹಿಡಿದಿದ್ದಾರೆ, ಬಿಟ್ಟು ಬರಲಾಗುವುದಿಲ್ಲ, ಮನೆಯಲ್ಲೇ ಮಾಡಬಹುದೇ ಎಂದು. ಖಂಡಿತ ಮಾಡಬಹುದು, ರಾಯರೇ. ನೀವು ಮಲಗುವ ಅಭ್ಯಾಸ ಮಾಡುವುದೇ ಬೇಡ. ಬೆಳಗ್ಗೆ ಅವರ ಮೈ ಒರೆಸುವಾಗ ಫೋನು ಬೇರೆ ಕೋಣೆಯಲ್ಲಿರಲಿ. ಬಿಸಿನೀರಿನಲ್ಲಿ ಬಟ್ಟೆ ಹಿಂಡಿ ಮೊದಲು ಮುಖ, ಆಮೇಲೆ ಕೈ, ಬೆನ್ನು, ಕೊನೆಗೆ ಪಾದ, ಅವಸರವಿಲ್ಲದೆ. ಅವರು ಕಣ್ಣು ತೆರೆದು ನಿಮ್ಮನ್ನು ನೋಡಿದಾಗ ನೀವೂ ಅಲ್ಲೇ ನೋಡಿ. ಉಗುರು ಬೆಳೆದಿದ್ದರೆ ಸ್ನಾನದ ನಂತರ ಕತ್ತರಿಸಿ, ಆಗ ಮೆತ್ತಗಿರುತ್ತದೆ.